ಹತ್ತೂವರೆಯ ಬೆಲ್ ನಿಲ್ಲಿಸಿದ ಮೇಲೆ

(ಚಿಕ್ಕಬಳ್ಳಾಪುರದಲ್ಲಿ ಒಂದು ಭಾನುವಾರ ಬೆಳಗ್ಗೆ, ಮಾಂಟೆಸ್ಸರಿ ಮಕ್ಕಳ ಪೋಷಕರ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಅಂದರೆ ನಿಮಗೆಲ್ಲ ನೂರೆಂಟು ಕೆಲಸ. ತೋಟ, ಅಂಗಡಿ, ವಾರದ ಬಟ್ಟೆ. ಅದೆಲ್ಲ ಬಿಟ್ಟು ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಅಡ್ಮಿಷನ್ ಸಮಯದಲ್ಲಿ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. “ಮೇಡಂ, ಎಕ್ಸ್‌ಟ್ರಾ ಏನೇನಿದೆ?” ಅಬಾಕಸ್ ಇದೆಯಾ, ಫೋನಿಕ್ಸ್ ಇದೆಯಾ, ಕೀಬೋರ್ಡ್, ಕರಾಟೆ, ಚೆಸ್, ಡ್ಯಾನ್ಸ್? ಬ್ರೋಷರ್‌ಗಳಲ್ಲಿ ಇದಕ್ಕೆ ಎನ್‌ರಿಚ್‌ಮೆಂಟ್ ಕ್ಲಾಸ್ ಅಂತ ಹೆಸರು. ನಮ್ಮ ಆಯಾ ಇದನ್ನು “ಮಧ್ಯಾಹ್ನದ ಕ್ಲಾಸು” ಅನ್ನುತ್ತಾರೆ. ನನಗೂ ಆ ಹೆಸರೇ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ಈ ಪ್ರಶ್ನೆಯ ಹಿಂದೆ ಒಂದು ಭಯ ಇದೆ. ಬೆಂಗಳೂರು ಇಲ್ಲಿಂದ 60 ಕಿಲೋಮೀಟರ್ ಆಸುಪಾಸು. ಅಲ್ಲಿನ ಮಕ್ಕಳು ಏನೇನೋ ಕಲಿಯುತ್ತಿದ್ದಾರೆ, ನಮ್ಮ ಮಗು ಹಿಂದೆ ಉಳಿದರೆ? ಆ ಭಯ ನನಗೆ ಅರ್ಥವಾಗುತ್ತದೆ. ನಾನೂ ಇಬ್ಬರು ಮಕ್ಕಳನ್ನು ಬೆಳೆಸಿದವಳು. ಆ ಭಯದಿಂದಲೇ ನಮ್ಮ ಶಾಲೆಯಲ್ಲೂ ಎಲ್ಲ ಕ್ಲಾಸುಗಳನ್ನೂ ಶುರು ಮಾಡಿದ್ದೆವು. ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ಹತ್ತೂವರೆಗೆ. ಆ ಹೊತ್ತು ಯಾಕೆ ಅಂದರೆ, ಹೊರಗಿನಿಂದ ಬರುವ ಮೇಷ್ಟ್ರುಗಳಿಗೆ ಆ ಹೊತ್ತೇ ಬಿಡುವಾಗಿತ್ತು. ಮಕ್ಕಳಿಗೆ ಆ ಹೊತ್ತು ಹೇಗೆ ಅಂತ ಯಾರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ.

ಒಂದು ದಿನದ ಘಟನೆ ಹೇಳುತ್ತೇನೆ. ಐದೂವರೆ ವರ್ಷದ ಹುಡುಗಿ. ಸಾವಿರದ ಸರ ತೆಗೆದುಕೊಂಡಿದ್ದಳು. ನಿಮ್ಮಲ್ಲಿ ಕೆಲವರು ಅದನ್ನು ನೋಡಿರಬಹುದು. ಹತ್ತು ಹತ್ತು ಮಣಿಗಳ ನೂರು ಕಡ್ಡಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿರುತ್ತಾರೆ. ಉದ್ದಕ್ಕೆ ಬಿಟ್ಟರೆ ಕೋಣೆಯಲ್ಲಿ ಹಿಡಿಸುವುದಿಲ್ಲ, ಕಾರಿಡಾರಿಗೆ ಹೋಗಬೇಕು. ಮಗು ಮೊಣಕಾಲ ಮೇಲೆ ಕೂತು, ಒಂದೊಂದೇ ಮಣಿ ಮುಟ್ಟಿ ಎಣಿಸುತ್ತಾ, ಹತ್ತಕ್ಕೊಂದು ಚೀಟಿ ಇಡುತ್ತಾ ಮುಂದೆ ಸರಿಯುತ್ತದೆ. ಅವಳು ಬಂದ ಕೂಡಲೇ ಶುರು ಮಾಡಿದ್ದಳು. 640ರ ಚೀಟಿ ಇಟ್ಟಳು. ಬೆಲ್ ಆಯಿತು. ಡ್ಯಾನ್ಸ್ ಮೇಷ್ಟ್ರು ಬಂದಿದ್ದರು.

“ಆಂಟಿ, ಇನ್ನು ಸ್ವಲ್ಪಾನೇ ಇದೆ” ಅಂದಳು. ನಮ್ಮಲ್ಲಿ ಮಕ್ಕಳು ಟೀಚರನ್ನು ಆಂಟಿ ಅಂತಲೇ ಕರೆಯುವುದು. ನಾನೇ ಅವಳ ಕೈ ಹಿಡಿದು ಕರೆದುಕೊಂಡು ಹೋದೆ. ವಾಪಸ್ ಬರುವಷ್ಟರಲ್ಲಿ ಯಾರೋ ಓಡಾಡುವ ದಾರಿ ಅಂತ ಸರ ಎತ್ತಿಟ್ಟಿದ್ದರು. ಊಟದ ಹೊತ್ತೂ ಆಗಿತ್ತು. ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. ಆದರೆ ಮತ್ತೆ ಆ ಸರ ಕೇಳಲಿಲ್ಲ. ಒಂದು ತಿಂಗಳಾದ ಮೇಲೆ ನಾನೇ ಕೇಳಿದೆ, “ಸಾವಿರದ ಸರ ತಗೋತೀಯಾ ಪುಟ್ಟಿ?” ಅವಳು ಹೇಳಿದ್ದು, “ಬೇಡ ಆಂಟಿ, ಬೆಲ್ ಆಗುತ್ತೆ.”

ಆ ಮಾತು ನನ್ನ ನಿದ್ದೆ ಕೆಡಿಸಿತು.

ಈ ಪದ್ಧತಿಯನ್ನು ಶುರು ಮಾಡಿದ ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ಶಾಲೆಯನ್ನು, ಅಂದರೆ ಮೊದಲ “ಮಕ್ಕಳ ಮನೆ”ಯನ್ನು, ತೆರೆದದ್ದು 1907ರ ಜನವರಿ 6ರಂದು, ರೋಮ್ ನಗರದ ಸಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ. ಆಕೆ ಡಾಕ್ಟರ್ ಆಗಿದ್ದವರು. ಪಾಠ ಹೇಳುವುದಕ್ಕಿಂತ ನೋಡುವುದು ಜಾಸ್ತಿ. ಅಲ್ಲಿ ಸುಮಾರು ಮೂರು ವರ್ಷದ ಒಂದು ಹುಡುಗಿ ಮರದ ಸಿಲಿಂಡರುಗಳನ್ನು ಗುಳಿಯಿಂದ ತೆಗೆದು ಮತ್ತೆ ಅದರದರ ಗುಳಿಗೆ ಇಡುತ್ತಿದ್ದಳು. ಮತ್ತೆ, ಮತ್ತೆ, ಮತ್ತೆ. ಮಾಂಟೆಸ್ಸರಿ ಸುತ್ತಲಿನ ಮಕ್ಕಳಿಂದ ಹಾಡು ಹಾಡಿಸಿದರು. ಆಮೇಲೆ ಆ ಮಗುವನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲೆ ಕೂರಿಸಿದರು. ಅವಳು ತನ್ನ ಸಿಲಿಂಡರುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೆಲಸ ಮುಂದುವರಿಸಿದಳು. 40ಕ್ಕೂ ಹೆಚ್ಚು ಸಲ ಮಾಡಿ, ತಾನಾಗಿ ನಿಲ್ಲಿಸಿ, ಒಳ್ಳೆ ನಿದ್ದೆಯಿಂದ ಎದ್ದವಳ ಹಾಗೆ ಸುತ್ತಲೂ ನೋಡಿದಳು. ಈ ಪದ್ಧತಿ ಹುಟ್ಟಿದ್ದು ಇಂಥದನ್ನು ನೋಡಿ. ಮಾಂಟೆಸ್ಸರಿ ಮನೆಗಳಲ್ಲಿ ಬೆಳಗಿನ ಮೂರು ಗಂಟೆ ಯಾರೂ ಕದಡಬಾರದು ಅನ್ನುವುದು ಅದಕ್ಕೇ. ಹೆಚ್ಚು ಮಕ್ಕಳು ಬಂದ ಕೂಡಲೇ ಸುಲಭದ ಕೆಲಸ ಹಿಡಿಯುತ್ತಾರೆ. ರಾಗಿ ಸುರಿಯುವುದು, ಬಟ್ಟೆ ಮಡಿಸುವುದು. ಒಂದೂವರೆ ಗಂಟೆ ಹೋದ ಮೇಲೆ ಸ್ವಲ್ಪ ಗಲಾಟೆ, ಓಡಾಟ. ನೋಡುವವರಿಗೆ “ಸಾಕು, ಮಕ್ಕಳಿಗೆ ಬೋರ್ ಆಗಿದೆ” ಅನಿಸುತ್ತದೆ. ತಡೆದುಕೊಂಡರೆ, ಆಮೇಲೆ ಶುರುವಾಗುತ್ತದೆ ಆ ದಿನದ ದೊಡ್ಡ ಕೆಲಸ.

ನಾವು ಬೆಲ್ ಹೊಡೆಯುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೆ.

ಹಾಗಂತ ಎಲ್ಲ ಕ್ಲಾಸುಗಳೂ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಸುಮಾರು ತಾಯಂದಿರು, ತಂದೆಯಂದಿರು ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬರುವವರು. ಬಸ್ಸು ಸಿಕ್ಕು ವಾಪಸ್ ಬರುವಾಗ ಸಂಜೆ. ಮಗು ಐದು ಗಂಟೆವರೆಗೂ ಎಲ್ಲಾದರೂ ಇರಲೇಬೇಕು. ಆ ಹೊತ್ತನ್ನು ಚೆನ್ನಾಗಿ ತುಂಬುವುದು ಶಾಲೆಯ ಜವಾಬ್ದಾರಿ. ನಾವು ಬದಲಿಸಿದ್ದು ಇಷ್ಟು. ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಹೊರಗಿನ ಯಾರೂ ಒಳಗೆ ಬರುವುದಿಲ್ಲ. ಊಟ, ನಿದ್ದೆ. ಸಣ್ಣವರು ಎಷ್ಟು ಹೊತ್ತು ಮಲಗಿದರೂ ಎಬ್ಬಿಸುವುದಿಲ್ಲ. ಎದ್ದವರಿಗೆ ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಗುರುವಾರ, ಎರಡು ಗಂಟೆಯ ಮೇಲೆ ಒಂದು ಕ್ಲಾಸು. ಹತ್ತು ಮಕ್ಕಳಿಗಿಂತ ಜಾಸ್ತಿ ಇಲ್ಲ. ಇಷ್ಟವಿಲ್ಲದ ಮಗು ಎದ್ದು ಹೋಗಬಹುದು, ಸುಮ್ನೆ ಕೂತು ನೋಡಬಹುದು. ಆ ವರ್ಷ ಮೂರು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ನೋವಾಯಿತು. ಆದರೂ ಹಿಂದಕ್ಕೆ ಹೋಗಲಿಲ್ಲ.

ಇನ್ನು ಆ ಮಧ್ಯಾಹ್ನ ಏನು ಕಲಿಸುವುದು? ಇದಕ್ಕೆ ಉತ್ತರ ನಮ್ಮ ವ್ಯಾನ್‌ನಲ್ಲೇ ಬಂದಿತ್ತು. ಶಿಡ್ಲಘಟ್ಟದ ಕಡೆಯಿಂದ ಬರುವ ಒಂದು ಮಗು ದಿನಾ ಹಿಪ್ಪುನೇರಳೆ ಹಣ್ಣು ತಿಂದು ಬಾಯೆಲ್ಲ ನೇರಳೆ ಮಾಡಿಕೊಂಡು ಬರುತ್ತಿತ್ತು. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಅಜ್ಜಿಯನ್ನು ಕೇಳಿದೆ, ಮಕ್ಕಳಿಗೆ ತೋರಿಸುತ್ತೀರಾ ಅಂತ. “ನಾನೇನು ಓದಿದೋಳಾ ತಾಯಿ” ಅಂದರು. ಒಂದು ಗುರುವಾರ ಬಿದಿರು ತಟ್ಟೆಯಲ್ಲಿ ನೂರರಷ್ಟು ಹುಳು ಇಟ್ಟುಕೊಂಡು ಬಂದೇಬಿಟ್ಟರು. ಎರಡನೇ ಜ್ವರ ಎದ್ದ ಹುಳುಗಳು.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ರೈತರು ಜ್ವರ ಅನ್ನುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಆಗ ಅದು ತಿನ್ನುವುದಿಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಮೂರನೇ ಜ್ವರಕ್ಕೆ ಕೂತ ದಿನ, ನಾಲ್ಕು ವರ್ಷದ ಒಬ್ಬ ಹುಡುಗ ಬಾಗಿಲಲ್ಲಿ ನಿಂತು ಬರುವವರಿಗೆಲ್ಲ ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. “ಮಾತಾಡಬೇಡಿ, ಹುಳಕ್ಕೆ ಜ್ವರ.” ಬೇರೆ ದಿನ ಅವನ ಗಲಾಟೆ ತಡೆಯಲು ಇಬ್ಬರು ಆಂಟಿಯರು ಬೇಕಾಗಿತ್ತು.

ನಾಲ್ಕನೇ ಜ್ವರ ಎದ್ದ ಮೇಲಿನ ಹಸಿವು ನೋಡಬೇಕು. ಹಿಪ್ಪುನೇರಳೆ ಸೊಪ್ಪು ಹಾಕಿದಷ್ಟೂ ಸಾಲದು. ಮಾಂಟೆಸ್ಸರಿಯಲ್ಲಿ ಮೌನದ ಆಟ ಅಂತ ಒಂದಿದೆ. ಎಲ್ಲರೂ ಕಣ್ಣು ಮುಚ್ಚಿ, ಕೈಕಾಲು ಅಲ್ಲಾಡಿಸದೆ, ಏನು ಕೇಳಿಸುತ್ತದೆ ಅಂತ ಕೇಳುವುದು. ತಟ್ಟೆಯ ಸುತ್ತ ಕೂತು ಅದನ್ನು ಆಡಿದೆವು. “ಮಳೆ ಬರ್ತಿದೆ” ಅಂದಿತು ಒಂದು ಮಗು. ಹುಳು ಸೊಪ್ಪು ತಿನ್ನುವ ಶಬ್ದ. ಸೊಪ್ಪು ದಿನಾ ಅಜ್ಜಿಯ ತೋಟದ್ದೇ ಬರುತ್ತಿತ್ತು. ಔಷಧಿ ಹೊಡೆದ ತರಕಾರಿ ತೋಟದ ಪಕ್ಕದ ಸೊಪ್ಪು ಹಾಕಿದರೆ ಹುಳು ಸತ್ತು ಹೋಗುತ್ತವೆ. ನೀವು ಯಾರಾದರೂ ಮನೆಯಲ್ಲಿ ಮಾಡುವುದಾದರೆ ಇದನ್ನು ಮರೆಯಬೇಡಿ.

ಹುಳು ಹಣ್ಣಾದವು, ಅಂದರೆ ಗೂಡು ಕಟ್ಟುವ ಹೊತ್ತಿಗೆ ಬಂದವು. ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಬಿಡುವ ತಟ್ಟೆಗೆ, ಬಿಟ್ಟೆವು. ಅಜ್ಜಿ ಮಕ್ಕಳನ್ನೆಲ್ಲ ಕೂರಿಸಿಕೊಂಡು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿದರು. “ಇನ್ನು ಮೂರು ದಿನ ಯಾರೂ ಅಲುಗಾಡಿಸಬಾರದು. ಗೂಡು ಕಟ್ಟುವಾಗ ಮುಟ್ಟಿದರೆ ಗೂಡು ಕೆಡುತ್ತೆ.” ನನಗೆ ಆ 640ರ ಚೀಟಿ ನೆನಪಾಯಿತು.

ಒಂದು ಗೂಡಿನಲ್ಲಿ 500 ಮೀಟರಿಗೂ ಹೆಚ್ಚು ಉದ್ದದ ಒಂದೇ ಎಳೆ ಇರುತ್ತದೆ. ಇದನ್ನು ಮಕ್ಕಳಿಗೆ ಹೇಳಿದಾಗ ಯಾರಿಗೂ ಏನೂ ಅನಿಸಲಿಲ್ಲ. ಬಿಸಿನೀರಿನಲ್ಲಿ ನೆನೆಸಿದ ಒಂದು ಗೂಡಿನ ಎಳೆ ಹಿಡಿದು, ಅಂಗಳದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ ಬಿಚ್ಚಿದಾಗ ಅವರ ಮುಖ ನೋಡಬೇಕಿತ್ತು. ಎಷ್ಟು ಸಲ ಹೋಗಿ ಬಂದರೂ ಮುಗಿಯದು. ಐದು ವರ್ಷದ ಮಕ್ಕಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಲೆಕ್ಕ ಇಟ್ಟರು. ಅದಕ್ಕಿಂತ ಒಳ್ಳೆಯ ಗಣಿತದ ಕ್ಲಾಸನ್ನು ನಾನು ಮಾಡಿಲ್ಲ.

ಅಲ್ಲೇ ಒಂದು ಮಗು ಕೇಳಿತು. “ಬಿಸಿನೀರಲ್ಲಿ ಹಾಕಿದರೆ ಒಳಗಿರೋ ಹುಳ?”

ಆಂಟಿಯರು ನನ್ನ ಮುಖ ನೋಡಿದರು. ಏನಾದರೂ ಕಥೆ ಹೇಳಬಹುದಿತ್ತು. ನಾನು “ಸಾಯುತ್ತೆ ಕಂದ” ಅಂದೆ. ಅಜ್ಜಿ ಕೂಡ ತಲೆ ಆಡಿಸಿದರು. “ಹೌದು ಮಗಾ. ಅದರಿಂದಲೇ ನಮ್ಮ ಮನೆ ನಡೆಯೋದು. ಅದಕ್ಕೇ ಅದನ್ನ ಮನೆ ಮಗು ಥರ ನೋಡ್ಕೋತೀವಿ.” ಮಗು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಐದು ಗೂಡು ಬೇರೆ ಎತ್ತಿಟ್ಟು, ಇವನ್ನು ನೀರಿಗೆ ಹಾಕಬಾರದು ಅಂತ ಹೇಳಿತು. ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಬಂದವು. ರೇಷ್ಮೆ ಚಿಟ್ಟೆ ಹಾರುವುದಿಲ್ಲ, ಏನನ್ನೂ ತಿನ್ನುವುದಿಲ್ಲ. ಮೊಟ್ಟೆ ಇಟ್ಟು ಕೆಲವೇ ದಿನಕ್ಕೆ ಸಾಯುತ್ತದೆ. ಮಕ್ಕಳು ಅದನ್ನೂ ನೋಡಿದರು. ಒಡೆದ ಗೂಡಿನಿಂದ ಎಳೆ ಉದ್ದಕ್ಕೆ ಬರುವುದಿಲ್ಲ, ತುಂಡು ತುಂಡಾಗುತ್ತದೆ ಅನ್ನುವುದನ್ನು ಆ ಮಗುವೇ ಕಂಡುಹಿಡಿಯಿತು. ಒಂದು ತಿಂಗಳಿನಲ್ಲಿ ಈ ಮಕ್ಕಳು ನೋಡಿದ್ದನ್ನು ಯಾವ ವರ್ಕ್‌ಶೀಟಿನಲ್ಲಿ ತುಂಬಲಿ ಹೇಳಿ?

ಇದು ನನ್ನ ಹೊಸ ಯೋಚನೆ ಏನಲ್ಲ. ಮಾಂಟೆಸ್ಸರಿ 1939ರಲ್ಲಿ ಮೂರು ತಿಂಗಳ ತರಬೇತಿ ನಡೆಸಲು ಮದ್ರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿಯಿತು. ಇಟಲಿಯವರು ಅನ್ನುವ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರ ಮಗ ಮಾರಿಯೊ ಅವರನ್ನು ಬಂಧನದಲ್ಲಿಟ್ಟಿತು. ಆಕೆಯ ಓಡಾಟಕ್ಕೂ ತಡೆ ಬಿತ್ತು. ಆಕೆಯ 70ನೇ ಹುಟ್ಟುಹಬ್ಬದ ದಿನ ಮಗನನ್ನು ಬಿಟ್ಟರು. ಮೂರು ತಿಂಗಳಿಗೆ ಬಂದವರು ಸುಮಾರು ಏಳು ವರ್ಷ ಇಲ್ಲಿ ಉಳಿಯಬೇಕಾಯಿತು. 1942ರಿಂದ 1944ರವರೆಗೆ ಕೊಡೈಕೆನಾಲ್‌ನಲ್ಲಿದ್ದಾಗ ತಾಯಿ ಮಗ ಇಬ್ಬರೂ ಅಲ್ಲಿನ ಮಕ್ಕಳ ಜೊತೆ ಗಿಡ, ಎಲೆ, ಪ್ರಾಣಿಗಳನ್ನು ನೋಡುತ್ತಾ ಕೆಲಸ ಮಾಡಿದರು. ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂದು ಮಗುವಿಗೆ ತೋರಿಸುವ ಅವರ ಪಾಠಕ್ರಮ ಗಟ್ಟಿಯಾಗಿದ್ದು ಅಲ್ಲಿ. ಅಂದರೆ ಮಾಂಟೆಸ್ಸರಿ ಪದ್ಧತಿಯ ಒಂದು ದೊಡ್ಡ ಭಾಗ ನಮ್ಮ ದಕ್ಷಿಣದ ಬೆಟ್ಟದಲ್ಲಿ ಬೆಳೆದದ್ದು. ನನಗೆ ಇದು ತುಂಬ ಹೆಮ್ಮೆಯ ವಿಷಯ.

ಎರಡನೇ ಕ್ಲಾಸು ತಮಟೆಯದು. ಇದಕ್ಕೆ ಸ್ವಲ್ಪ ವಿರೋಧ ಬಂತು. ಒಬ್ಬರು ನೇರವಾಗಿಯೇ ಕೇಳಿದರು, “ಕೀಬೋರ್ಡ್ ಇಡಬಹುದಿತ್ತಲ್ವಾ ಮೇಡಂ, ತಮಟೆ ಯಾಕೆ?” ಆ “ಯಾಕೆ”ಯ ಒಳಗೆ ಏನಿತ್ತು ಅಂತ ನಮಗೆಲ್ಲ ಗೊತ್ತು. ತಮಟೆ ಯಾರ ಕೈಯಲ್ಲಿತ್ತು ಅನ್ನುವ ಕಾರಣಕ್ಕೆ ಅದನ್ನು ದೂರ ಇಟ್ಟವರು ನಾವು. ನಮ್ಮ ಮಕ್ಕಳಿಗೆ ಆ ದೂರ ಗೊತ್ತಿಲ್ಲ. ಅದನ್ನು ನಾವು ಕಲಿಸುವುದು ಬೇಡ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂದಿದೆ. ಪ್ರಶಸ್ತಿ ಬಂದಿರದಿದ್ದರೂ ನಾನು ತಮಟೆಯನ್ನೇ ಇಡುತ್ತಿದ್ದೆ.

ಯಾಕೆಂದರೆ ಮಾಂಟೆಸ್ಸರಿ ಮನೆಯಲ್ಲಿ ಶಬ್ದದ ಡಬ್ಬಿಗಳಿವೆ. ಅಲ್ಲಾಡಿಸಿ, ಕಿವಿಯಿಂದಲೇ ಜೋಡಿ ಹುಡುಕಬೇಕು. ತಮಟೆಯ ಅಣ್ಣ ಬಂದು ಮೊದಲು ತಣ್ಣಗಿನ ತಮಟೆ ಬಾರಿಸಿದರು. ಆಮೇಲೆ ಬೆಂಕಿಗೆ ಹಿಡಿದು ಕಾಯಿಸಿ ಬಾರಿಸಿದರು. ಚರ್ಮ ಬಿಗಿಯಾಗಿ ನಾದವೇ ಬೇರೆ ಆಯಿತು. “ಡಬ್ಬಿ ಥರ” ಅಂತ ಮಕ್ಕಳೇ ಹೇಳಿದರು. ಶಬ್ದ ಜೋರು, ಹಾಗಾಗಿ ಅಂಗಳದಲ್ಲೇ, ದೂರ ನಿಂತು. ಇಬ್ಬರು ಹುಡುಗರು ಕಿವಿ ಮುಚ್ಚಿಕೊಂಡು ಸೀಬೆ ಮರದ ಹಿಂದೆ ಹೋದರು. ಯಾರೂ ಕರೆಯಲಿಲ್ಲ. ಮೂರನೇ ವಾರ ಒಬ್ಬ ತಾನಾಗಿ ಬಂದು ಹೆಜ್ಜೆ ಹಾಕಿದ. ಇನ್ನೊಬ್ಬ ಕೊನೆಯವರೆಗೂ ಬರಲಿಲ್ಲ. ಅವನಿಗೆ ಮರದ ಕೆಳಗಿನ ಇರುವೆ ಸಾಲು ಹಿಡಿಸಿತ್ತು. ಅದೂ ಸರಿಯೇ.

ಅಬಾಕಸ್ ಬಗ್ಗೆ ಹೇಳದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ನನ್ನ ಅನುಭವದ ಮಾತು ಹೇಳುತ್ತೇನೆ. ನಾಲ್ಕು ವರ್ಷದ ಮಗು ಸಾವಿರ ಮಣಿಯ ಘನವನ್ನು ಎರಡೂ ಕೈಯಲ್ಲಿ ಎತ್ತಿ ತರುವಾಗ, ಸಾವಿರ ಅಂದರೆ ಎಷ್ಟು ಭಾರ ಅಂತ ಅದರ ಕೈಗೆ ಗೊತ್ತಾಗುತ್ತದೆ. ಒಂದು ಮಣಿ ಇಷ್ಟೇ ಇಷ್ಟು, ಸಾವಿರ ಇಷ್ಟು ದೊಡ್ಡದು. ಅಬಾಕಸ್‌ನಲ್ಲಿ ಒಂದಕ್ಕೂ ಸಾವಿರಕ್ಕೂ ಮಣಿ ಒಂದೇ ಗಾತ್ರ, ಇರುವ ಕಡ್ಡಿ ಬೇರೆ ಅಷ್ಟೆ. ಅದು ಆರೇಳು ವರ್ಷದ ಮೇಲೆ ಒಗ್ಗುವ ಆಟ. ಅಲ್ಲಿಯವರೆಗೆ ಕೈಯಿಂದ ಕಲಿಯಲಿ. ಬೆರಳು ಆಡಿಸಿ ಬೇಗ ಉತ್ತರ ಹೇಳುವ ಮಗು ನೆಂಟರ ಮುಂದೆ ಚೆಂದ ಕಾಣುತ್ತದೆ, ನಿಜ.

ಇನ್ನು ಮೆಡಲ್, ಸರ್ಟಿಫಿಕೇಟ್. ಇದಕ್ಕೆ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆಯಲ್ಲಿ ಒಂದು ಪ್ರಯೋಗ ಮಾಡಿದ್ದರು. 1973ರಲ್ಲಿ ಪ್ರಕಟವಾಯಿತು. ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯಲು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಬರೆದರು, ಪಡೆದರು. ಒಂದೆರಡು ವಾರದ ನಂತರ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ನೋಡಿದರೆ, ಬಹುಮಾನದ ಆಸೆಗೆ ಬರೆದಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಏನೂ ಹೇಳದೆ ಆಮೇಲೆ ಕೊಟ್ಟ ಮಕ್ಕಳಿಗೆ ಹಾಗೆ ಆಗಲಿಲ್ಲ. ನಾವು ವಾರ್ಷಿಕೋತ್ಸವದಲ್ಲಿ ಈ ಕ್ಲಾಸುಗಳ ಪ್ರದರ್ಶನವನ್ನೂ ನಿಲ್ಲಿಸಿದ್ದೇವೆ. ಆರು ವಾರ ಒಂದೇ ಡ್ಯಾನ್ಸ್ ಪ್ರಾಕ್ಟೀಸ್ ಮಾಡಿ ಸುಸ್ತಾದ ಮಗುವಿಗೆ ಆಮೇಲೆ ಆ ಹಾಡು ಕೇಳಿದರೆ ಕೋಪ ಬರುತ್ತದೆ, ನೋಡಿದ್ದೀರಲ್ವಾ?

ಹೊರಗೆ ಯಾವುದಾದರೂ ಕ್ಲಾಸಿಗೆ ಸೇರಿಸುವ ಮುಂಚೆ ಒಂದು ದಿನ ಹೋಗಿ ಹಿಂದೆ ಕೂತು ನೋಡಿ. ಹೇಳಿಕೊಡುವವರನ್ನು ನೋಡಬೇಡಿ, ಮಕ್ಕಳ ಕೈ ನೋಡಿ. ಒಂದು ಗಂಟೆಯಲ್ಲಿ ಎಷ್ಟು ಹೊತ್ತು ಕೈ ಕೆಲಸ ಮಾಡುತ್ತಿತ್ತು, ಎಷ್ಟು ಹೊತ್ತು ತನ್ನ ಸರದಿಗೆ ಕಾಯುತ್ತಾ ಕೂತಿತ್ತು? ಬೇಡ ಅಂದ ಮಗುವಿಗೆ ಏನು ಮಾಡುತ್ತಾರೆ? ಕೂತು ನೋಡಲು ಬಿಡುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಮತ್ತೆ, ಒಂದು ಹೊತ್ತಿಗೆ ಒಂದೇ ಸಾಕು. ಸೋಮವಾರ ಕರಾಟೆ, ಮಂಗಳವಾರ ಚೆಸ್ ಅಂತ ಓಡಿಸಿದರೆ ಮಗುವಿಗೆ ತಾನಾಗಿ ಏನನ್ನಾದರೂ ಶುರು ಮಾಡುವ ಒಂದು ಸಂಜೆಯೂ ಉಳಿಯುವುದಿಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಒಬ್ಬ ತಂದೆ, ಮುಂದಿನ ವರ್ಷ ಮಗ ಒಂದನೇ ಕ್ಲಾಸಿಗೆ ಬೇರೆ ಶಾಲೆಗೆ ಹೋಗುತ್ತಾನೆ, ಅಲ್ಲಿ ಕಷ್ಟ ಆಗುವುದಿಲ್ಲವಾ ಅಂತ ಕೇಳಿದರು. ಮೊದಲ ತಿಂಗಳು ಆಗುತ್ತದೆ. ಆದರೆ ನಾನು ಕಂಡ ಹಾಗೆ ಗಣಿತದಲ್ಲಿ ಅಲ್ಲ. ಒಂದೇ ಕಡೆ ಕೂರುವುದು, ಬೋರ್ಡ್ ನೋಡಿ ಬರೆಯುವುದು, ಬಾತ್‌ರೂಮಿಗೆ ಹೋಗಲು ಕೈ ಎತ್ತಿ ಕೇಳುವುದು, ಇವು ಕಷ್ಟ. ಏಪ್ರಿಲ್, ಮೇ ತಿಂಗಳಿನಲ್ಲಿ ಮನೆಯಲ್ಲೇ ಅಭ್ಯಾಸ ಮಾಡಿಸಿ. ಬ್ಯಾಗು ಅವನೇ ಜೋಡಿಸಲಿ, ಡಬ್ಬಿ ಅವನೇ ತೆಗೆದು ಮುಚ್ಚಲಿ. ಚೆಸ್ ಬಗ್ಗೆ ಕೇಳಿದವರಿಗೆ, ಮನೆಯಲ್ಲಿ ಆಡುವವರು ಇದ್ದರೆ ಅವರ ಪಕ್ಕ ಕೂರಿಸಿ, ನಾಲ್ಕು ವರ್ಷಕ್ಕೆ ಅಷ್ಟು ಸಾಕು ಅಂದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಮೊಮ್ಮಗಳನ್ನು ದಿನಾ ಬಿಡಲು ಬರುವವರು. “ನನಗೆ ಹೂ ಕಟ್ಟೋದು ಬಿಟ್ಟು ಬೇರೇನೂ ಬರಲ್ಲಮ್ಮ. ಅದು ಆಗುತ್ತಾ?”

ಆಗುತ್ತೆ ಅಮ್ಮ, ಅಂದೆ. ಮಂಗಳವಾರ ಎರಡು ಗಂಟೆಗೆ ಬನ್ನಿ. ಸಣ್ಣ ಕೈಗೆ ಕನಕಾಂಬರ ಜಾರುತ್ತೆ, ಸೇವಂತಿಗೆಯಿಂದ ಶುರು ಮಾಡೋಣ. ಬಾಳೆನಾರು ನೀವೇ ನೆನೆಸಿ ತರ್ತೀರಾ, ನಾವು ತರಿಸಿಡಬೇಕಾ?